ರಂಗೋಲಿ ಪುಡಿಯಲ್ಲಿ ಬರೆದ ಮನೆ

ನಮ್ಮ ಅತ್ತೆ ಒಂದು ದಿನ ಮಧ್ಯಾಹ್ನ ನಮ್ಮ ಮನೆಯೊಳಗೇ ಕಳೆದುಹೋದರು.

ಆಗ ನಾವು ಕೀಲ್ಪಾಕ್‌ನ ಹಳೆಯ ಮನೆಯಲ್ಲಿದ್ದೆವು. ಕೆಳಗೆ ನಾಲ್ಕು ಕೋಣೆ, ಮೇಲೆ ನಾಲ್ಕು ಕೋಣೆ, ಅದರ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲೊಂದು ಸಾಮಾನಿನ ಕೋಣೆ. ನನ್ನ ಗಂಡನ ತಂದೆ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು ಹೋಟೆಲ್ ಇಟ್ಟವರು. ಹೋಟೆಲಿನ ಅಡುಗೆಯವರು, ಸಪ್ಲೈ ಮಾಡುವವರು ಎಲ್ಲ ಊರಿನಿಂದ ಬಂದವರೇ ಆದ್ದರಿಂದ ಅವರಿಗೆ ಮಲಗಲು ಮಹಡಿ ಬೇಕಿತ್ತು. ನಾನು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಸ್ನಾನಕ್ಕೆ ಸಾಲು ನಿಲ್ಲಬೇಕಿತ್ತು. ಆಮೇಲೆ ಮಾವ ತೀರಿಕೊಂಡರು, ನಮ್ಮ ಮಗಳು ಮದುವೆಯಾಗಿ ಕೊಯಮತ್ತೂರಿಗೆ ಹೋದಳು, ಮಂಡಿನೋವು ಶುರುವಾದ ಮೇಲೆ ನನ್ನ ಗಂಡನೂ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಅಷ್ಟು ದೊಡ್ಡ ಮನೆಯಲ್ಲಿ ಉಳಿದದ್ದು ನಾವು ಮೂವರು. ಗಂಡ ಮಹಡಿಯಿಂದ ಮೊಬೈಲಿನಲ್ಲಿ ಕರೆದು ಕಾಫಿ ಆಯಿತಾ ಎಂದು ಕೇಳುತ್ತಿದ್ದರು. ನಾನು ಅಡುಗೆಮನೆಯಿಂದ ಮೊಬೈಲಿನಲ್ಲೇ ಆಯಿತು ಎನ್ನುತ್ತಿದ್ದೆ.

ಆ ಮಧ್ಯಾಹ್ನ ಊಟಕ್ಕೆ ಕರೆದರೆ ಅತ್ತೆಯ ಉತ್ತರವಿಲ್ಲ. ಅವರ ಕೋಣೆಯಲ್ಲಿ ಇಲ್ಲ, ದೇವರ ಮನೆಯಲ್ಲಿ ಇಲ್ಲ.

"ರೀ, ಅತ್ತೆ ಎಲ್ಲೂ ಕಾಣ್ತಿಲ್ಲ!" ಎಂದು ಕೂಗಿದೆ. ಗಂಡ ಮೇಲಿನ ಬಾಗಿಲುಗಳನ್ನೆಲ್ಲ ತೆಗೆದರು, ನಾನು ಕೆಳಗಿನವನ್ನು. ಎಂಬತ್ತು ದಾಟಿದವರು, ಕೋಲು ಹಿಡಿದು ನಡೆಯುವವರು ಎಲ್ಲಿಗೆ ಹೋಗಿಯಾರು? ಗಂಡ ಚಪ್ಪಲಿಯನ್ನೂ ಮೆಟ್ಟದೆ ಬೀದಿಯ ತುದಿಯವರೆಗೆ ಓಡಿದರು. ನಾನು ಬಾವಿಗೆ ಮುಚ್ಚಿದ ಕಬ್ಬಿಣದ ಬಲೆಯನ್ನು ಕೂಡ ನೋಡಿ ಬಂದೆ. ಕೊನೆಗೆ ಮಹಡಿಯ ಹಿಂದಿನ ಕೋಣೆಯಲ್ಲಿ, ಹಿಂದೆ ಕಾಫಿ ಹಾಕುವವನು ಮಲಗುತ್ತಿದ್ದ ಮಂಚದ ಮೇಲೆ, ಅತ್ತೆ ಆರಾಮಾಗಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕಿವಿಯ ಯಂತ್ರ ತೆಗೆದಿಟ್ಟಿದ್ದರು.

"ನಾ ಇಲ್ಲೇ ಇದ್ದೆ. ನೀವ್ ಎಲ್ಲಿಗ್ ಹೋಯಿದ್ರಿ?" ಎಂದು ನಮ್ಮನ್ನೇ ಕೇಳಿದರು.

ಆ ಸಂಜೆ ಗಂಡ ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಬಂದರು. ಆಮೇಲೆ, "ಈ ಮನಿ ಸಾಕ್. ಸಣ್ಣದೊಂದ್ ಕಟ್ವ," ಎಂದರು.

ಗೂಡುವಾಂಚೇರಿಯಲ್ಲಿ ನಮ್ಮದೊಂದು ಸೈಟು ಇತ್ತು. ಯಾವಾಗಲೋ ಸುಮ್ಮನೆ ತೆಗೆದಿಟ್ಟದ್ದು. ಪಕ್ಕದವರು ಅದರಲ್ಲಿ ಎಮ್ಮೆ ಕಟ್ಟುತ್ತಿದ್ದರು. ಮನೆಯ ನಕ್ಷೆಗೆ ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ. ನನ್ನ ನಾದಿನಿಯ ಮಗಳು ಆರ್ಕಿಟೆಕ್ಟ್. ವೇಲಚೇರಿಯ ಒಂದು ಫ್ಲ್ಯಾಟಿನಲ್ಲಿ ಗೆಳತಿಯರ ಜೊತೆ ಇದ್ದಾಳೆ. ಚೆನ್ನೈಯಲ್ಲೇ ಹುಟ್ಟಿ, ಓದಿ ಬೆಳೆದವಳು. ಕನ್ನಡದಲ್ಲಿ ಬೈದರೂ ಹೊಗಳಿದರೂ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ತಮಿಳು. ನಾವು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಹೇಳುವುದು ನಮಗೆಲ್ಲ ಎಷ್ಟು ರೂಢಿಯೆಂದರೆ ಯಾರು ಯಾವ ಭಾಷೆಯಲ್ಲಿದ್ದಾರೆ ಎಂದು ಯಾರೂ ಗಮನಿಸುವುದಿಲ್ಲ.

ಅವಳ ಯೋಚನೆ ಇದು: ಎರಡು ಮಲಗುವ ಕೋಣೆ, ಅಡುಗೆಮನೆಗೆ ಅಂಟಿಕೊಂಡ ಒಂದು ಹಾಲ್, ಮುಂದೆ ಒಂದು ಜಗುಲಿ, ಅಷ್ಟೇ. ಬಿಸಿಲು ಬಡಿಯುವ ಪಡುವಣ ಗೋಡೆಗೆ ಸ್ನಾನದ ಮನೆ, ಸಾಮಾನಿನ ಕೋಣೆಗಳನ್ನು ಸಾಲಾಗಿ ಇಡುವುದು; ಬಿಸಿ ಏನಿದ್ದರೂ ಅಲ್ಲಿಗೇ ನಿಲ್ಲಲಿ ಎಂದು. ಇಟ್ಟಿಗೆಗಳನ್ನು ನಡುವೆ ಟೊಳ್ಳು ಬಿಟ್ಟು ಕಟ್ಟುವುದು. ತಾರಸಿಯ ಕಾಂಕ್ರೀಟಿನೊಳಗೆ ಮಣ್ಣಿನ ಮಡಕೆಗಳನ್ನು ಬೋರಲಾಗಿ ಇಟ್ಟು, ಮೇಲೆ ಬಿಳಿ ಹಂಚಿನ ಬಿಲ್ಲೆ ಹಾಸುವುದು. ಅದರ ಮೇಲೆ ಸೋಲಾರ್. ಮಧ್ಯಾಹ್ನ ಕಳೆದು ಬರುವ ಸಮುದ್ರದ ಗಾಳಿಗೆ ಆಗ್ನೇಯದ ಕಡೆ ದೊಡ್ಡ ಕಿಟಕಿ. "ಎಸಿಯೇ ಬೇಕಾಗುವುದಿಲ್ಲ," ಎಂದು ತಮಿಳಿನಲ್ಲಿ ಹೆಮ್ಮೆಯಿಂದ ಹೇಳಿ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದಳು.

ಅತ್ತೆ ಲ್ಯಾಪ್‌ಟಾಪ್ ನೋಡಲಿಲ್ಲ. ಮೊಮ್ಮಗಳನ್ನು ನೋಡಿದರು.

"ಎಸಿ ಇಲ್ಲದ್ ಮನಿಗೆ ನಾನ್ ಬತ್ತಿಲ್ಲೆ. ನೀವ್ ಬೇಕಾರೆ ಹೋಗಿ."

"ಅಮ್ಮ, ಮನೆಯೇ ತಣ್ಣಗಿರ್ತದಂತೆ," ಎಂದರು ಗಂಡ.

"ನಾ ಮದಿ ಆಯಿ ಈ ಊರಿಗ್ ಬಪ್ಪತಿಗೆ ಫ್ಯಾನೂ ಇರ್ಲಿಲ್ಲೆ. ಮಕ್ಕಳಿಗ್ ಬೀಸಣಿಗಿ ಬೀಸಿ ಬೀಸಿ ಕೈ ಸೋತದ್ ನಂಗೊಬ್ಳಿಗೇ ಗೊತ್ತಿತ್ತ್. ಈಗ ಒಂಚೂರ್ ಸುಖ ಸಿಕ್ಕಿತ್. ಅದನ್ನೂ ಬಿಡ್ಕಾ?"

ಹಿಂದಿನ ಕಾಲದವರು ಸೆಕೆಯಲ್ಲೂ ಸುಖವಾಗಿದ್ದರು ಎಂದು ಹೇಳುವವರು ಸಾಮಾನ್ಯವಾಗಿ ಆ ಸೆಕೆಯಲ್ಲಿ ಒಲೆಯ ಮುಂದೆ ಕೂತವರಲ್ಲ. ಕೊನೆಗೆ ಅತ್ತೆಯ ಕೋಣೆಗೆ ಒಂದು ಚಿಕ್ಕ ಎಸಿ ಎಂದು ತೀರ್ಮಾನವಾಯಿತು. ಹುಡುಗಿ ಮುಖ ಸಪ್ಪೆ ಮಾಡಿಕೊಂಡು ನಕ್ಷೆಯಲ್ಲಿ ಒಂದು ಚೌಕ ಹಾಕಿದಳು.

ತೊಂದರೆ ಎಂದರೆ, ನಮ್ಮ ಮೂವರಿಗೂ ನಕ್ಷೆ ನೋಡಿದರೆ ಮನೆ ಕಾಣುತ್ತಿರಲಿಲ್ಲ. ಇಷ್ಟು ಅಡಿ ಉದ್ದ, ಇಷ್ಟು ಅಡಿ ಅಗಲ ಎಂದರೆ ಹೂಂ ಎನ್ನುತ್ತಿದ್ದೆವು. ಅವಳು ಹೋದ ಮೇಲೆ ಬೀರು ಎಲ್ಲಿ ಇಡುವುದು ಎಂದು ಜಗಳವಾಡುತ್ತಿದ್ದೆವು. ಇದು ಅವಳಿಗೂ ತಿಳಿಯಿತು. ಒಂದು ಭಾನುವಾರ ಬಿಸಿಲೇರುವ ಮೊದಲೇ ಅಳತೆಯ ಟೇಪು, ಚೀಲದ ತುಂಬ ರಂಗೋಲಿ ಪುಡಿ ಹಿಡಿದು ಬಂದಳು. ಕೀಲ್ಪಾಕ್ ಮನೆಯ ತಾರಸಿಯ ಮೇಲೆ ಗೂಡುವಾಂಚೇರಿಯ ಮನೆಯನ್ನು ನಿಜವಾದ ಅಳತೆಗೇ ಬರೆದುಬಿಟ್ಟಳು. ದಿಕ್ಕು ಕೂಡ ಹಾಗೆಯೇ. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಖಾಲಿ ಜಾಗ, ಮಂಚಕ್ಕೆ ಚಾಪೆ.

ಅತ್ತೆಯನ್ನು ಕೈಹಿಡಿದು ಮೇಲೆ ಕರೆತಂದೆವು. ಅವರು ಬಂದವರೇ ಒಂದು ಚಿಟಿಕೆ ಪುಡಿ ತೆಗೆದುಕೊಂಡು, ಮುಂಬಾಗಿಲಿದ್ದಲ್ಲಿ ಕಷ್ಟಪಟ್ಟು ಬಗ್ಗಿ, ನಾಲ್ಕು ಎಳೆ ರಂಗೋಲಿ ಹಾಕಿದರು. "ಈಗ ಒಳಗೆ ಹೋಪ," ಎಂದರು.

ಗಂಡ ಆಗಲೇ ಹಾಲಿನಿಂದ ಸೀದಾ ಮಲಗುವ ಕೋಣೆಗೆ ಹೆಜ್ಜೆ ಹಾಕಿದ್ದರು.

"ಮಾಮಾ, ಅದು ಸೆವುರು! ಇಪ್ಪಡಿ ವಾಂಗೋ!" ಅದು ಗೋಡೆ, ಈ ಕಡೆಯಿಂದ ಬನ್ನಿ ಎಂದು ಹುಡುಗಿ ಕಿರುಚಿದಳು.

ಅವರು ಬೆಚ್ಚಿ ಹಿಂದೆ ಬಂದು, ಬಾಗಿಲಿನಿಂದ ತಲೆ ಬಗ್ಗಿಸಿ ಒಳಗೆ ಹೋದರು. ಇಲ್ಲದ ಬಾಗಿಲಿಗೆ ತಲೆ ಯಾಕೆ ಬಗ್ಗಿಸಿದರೋ. ಚಾಪೆಯ ಮೇಲೆ ಮಲಗಿದರೆ ಅವರ ಪಾದ ಕಿಟಕಿಯಿಂದ ಹೊರಗೆ ಬಂತು. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಆ ಕೋಣೆ ಅಲ್ಲೇ ಒಂದು ಗೇಣು ಬೆಳೆಯಿತು; ಹುಡುಗಿ ಹಳೆಯ ಗೆರೆಯನ್ನು ಕಾಲಿನಿಂದ ಒರೆಸಿ ಹೊಸದು ಎಳೆದಳು.

ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಾಮಿ ಇದನ್ನೆಲ್ಲ ನೋಡಿ, "ಎನ್ನ ಮಾಮಿ, ಹೋಮಮಾ?" ಎಂದು ಕೇಳಿದರು. ಹೋಮವಲ್ಲ, ಮನೆ ಎಂದೆ. ಅವರು ಬಟ್ಟೆ ಮರೆತು ಕೊನೆಯವರೆಗೂ ಅಲ್ಲೇ ನಿಂತರು.

ಅತ್ತೆಯ ಸರದಿ ಬಂದಾಗ ನಗು ನಿಂತಿತು. ಅವರು ಕೋಲು ಊರಿಕೊಂಡು ತಮ್ಮ ಕೋಣೆಯಿಂದ ಸ್ನಾನದ ಮನೆಗೆ ಹೋದರು. ಒಳಗೆ ಹೋಗುವುದು ಸರಿಹೋಯಿತು. ತಿರುಗಿ ಬರುವಾಗ ಕೋಲೂ ಕಾಲೂ ಒಟ್ಟಿಗೆ ತಿರುಗಲಿಲ್ಲ, ಗೋಡೆಯ ಎರಡು ಗೆರೆಗಳೂ ಅಳಿಸಿಹೋದವು.

"ಗೋಡಿ ದಾಂಟಿ ಬಂದೆ ಕಾಣ್," ಎಂದರು ತಮಾಷೆಗೆ. ಆದರೆ ಹುಡುಗಿ ನಗಲಿಲ್ಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಅಮ್ಮಮ್ಮನನ್ನು ಇನ್ನೊಮ್ಮೆ, ಮತ್ತೊಮ್ಮೆ ನಡೆಸಿ, ಅವರ ಕೋಲು ಎಲ್ಲೆಲ್ಲಿ ಊರುತ್ತದೆ ಎಂದು ನೋಡಿ ಪುಡಿಯಲ್ಲಿ ಚುಕ್ಕಿ ಇಟ್ಟಳು. ಸಾಮಾನಿನ ಕೋಣೆಯನ್ನು ಚಿಕ್ಕದು ಮಾಡಿ ಸ್ನಾನದ ಮನೆಯನ್ನು ಅಗಲಿಸಿದಳು. ಬಾಗಿಲನ್ನು ಜಾರುವ ಬಾಗಿಲು ಮಾಡಿದಳು. ಅವಳು ಚಿಕ್ಕವಳಿದ್ದಾಗ ಇದೇ ಅಮ್ಮಮ್ಮ ಇದೇ ತಾರಸಿಯಲ್ಲಿ ಅವಳಿಗೆ ನಡೆಯಲು ಕಲಿಸಿದ್ದು ನನಗೆ ನೆನಪಾಯಿತು.

ಅಡುಗೆಮನೆಯ ಜಗಳ ದೊಡ್ಡದಾಗುತ್ತದೆ ಎಂದುಕೊಂಡಿದ್ದೆ. ಗಂಡ ಅದರ ನಡುವೆ ನಿಂತು, "ಇದೆಂತ ಅಡಿಗಿಮನೆ? ನಮ್ ಹೋಟ್ಲಂಗೆ ದೋಸಿಕಲ್ಲೇ ಇದ್ಕಿಂತ ದೊಡ್ಡದಿತ್ತ್. ಅದೂ ಹಾಲಿಗ್ ಗೋಡೆ ಇಲ್ಲೆ. ಗಿರಾಕಿಗ್ ಅಡಿಗಿಮನೆ ತೋರ್ಸುಕಾಗ," ಎಂದು ಶುರುಮಾಡಿದರು. ಆಮೇಲೆ ಎರಡೂ ಕೈ ಚಾಚಿದರು. ಎಡಗೈಗೆ ಒಲೆ, ಬಲಗೈಗೆ ಸಿಂಕು, ಹಿಂದಕ್ಕೆ ತಿರುಗಿದರೆ ಡಬ್ಬಿಗಳು. ಒಂದು ಸಲ ತಿರುಗಿದರು, ಇನ್ನೊಂದು ಸಲ ತಿರುಗಿದರು, ಕಾಫಿ ಬೆರೆಸಿದ ಹಾಗೆ ಕೈ ಮೇಲೆ ಕೆಳಗೆ ಆಡಿಸಿದರು.

"ನಮ್ಮಲ್ಲಿ ಕಾಫಿ ಹಾಕುವನಿಗೆ ಇಷ್ಟೂ ಜಾಗ ಇರ್ಲಿಲ್ಲೆ," ಎಂದರು ನಿಧಾನವಾಗಿ. "ಅವ ಇಡೀ ಪುರಸೈವಾಕ್ಕಂಗೆ ಕಾಫಿ ಕುಡಿಸ್ತಿದ್ದ." ಅಲ್ಲಿಗೆ ಅಡುಗೆಮನೆ ಮುಗಿಯಿತು.

ಆಮೇಲೆ ಹುಡುಗಿ ನನ್ನ ಕಡೆ ತಿರುಗಿದಳು. "ಮಾಮಿ, ಉಂಗಳುಕ್ಕು ಎನ್ನ ವೇಣುಂ?"

ನಿಮಗೇನು ಬೇಕು? ಸರಳವಾದ ಪ್ರಶ್ನೆ. ಎಂಟು ಕೋಣೆಯ ಮನೆಯಲ್ಲಿ ಅಷ್ಟು ವರ್ಷ ಸಂಸಾರ ಮಾಡಿದ್ದೆ. ಶಾಲೆಯಲ್ಲಿ ಲೆಕ್ಕ ಪಾಠ ಮಾಡಿ ಬಂದು, ಮಕ್ಕಳ ಉತ್ತರಪತ್ರಿಕೆಗಳನ್ನು ಅಡುಗೆಕಟ್ಟೆಯ ಮೇಲೆ, ದೇವರ ಮನೆಯ ಹೊಸ್ತಿಲಿನಲ್ಲಿ, ಮಹಡಿಯ ಮೆಟ್ಟಿಲ ಮೇಲೆ ಕೂತು ತಿದ್ದಿದ್ದೆ. ಆ ಮನೆಯಲ್ಲಿ ಹೋಟೆಲಿನ ಅಕ್ಕಿಮೂಟೆಗೆ ಒಂದು ಕೋಣೆ ಇತ್ತು. ನನ್ನದು ಎಂದು ಒಂದು ಕುರ್ಚಿ ಇರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಕೇಳಬೇಕೆಂದು ನನಗೇ ಹೊಳೆದಿರಲಿಲ್ಲ.

"ಒಂದು ಕಿಟಕಿ," ಎಂದೆ. "ಅದರ ಪಕ್ಕ ಒಂದು ಮೇಜು. ಅದರ ಮೇಲೆ ಯಾರೂ ತರಕಾರಿ ಇಡಬಾರದು."

ಗಂಡ ನನ್ನ ಮುಖ ನೋಡಿದರು. ಹುಡುಗಿ ಹಾಲಿನ ಆಗ್ನೇಯ ಮೂಲೆಗೆ ಹೋಗಿ, ಒಳ್ಳೆಯ ಗಾಳಿ ಬರುವ ಆ ದೊಡ್ಡ ಕಿಟಕಿಯ ಕೆಳಗೆ ಒಂದು ಮೇಜು ಬರೆದಳು. ಅದಕ್ಕಾಗಿ ಸೋಫಾ ಅಳಿಸಿಹಾಕಿದಳು. ನೆಂಟರು ಬಂದರೆ ಕೂರಲು, ಮಲಗಲು ಗೋಡೆಯುದ್ದಕ್ಕೂ ಅಗಲವಾದ ಕಟ್ಟೆ ಹಾಕಿದಳು. ಅದರ ಕೆಳಗೇ ಹಾಸಿಗೆ ಇಡುವ ಗೂಡು. ನಾನು ಆ ಪುಡಿಯ ಮೇಜಿನ ಮುಂದೆ ನೆಲದ ಮೇಲೆ ಕೂತೆ. ಬಿಸಿಲು ಆಗಲೇ ಚುರುಕಾಗಿತ್ತು. ಎಲ್ಲರೂ ಕೆಳಗೆ ಇಳಿದು ಹೋದ ಮೇಲೂ ಸ್ವಲ್ಪ ಹೊತ್ತು ಕೂತಿದ್ದೆ.

ಮನೆ ಕಟ್ಟುವುದಕ್ಕಿಂತ ಮನೆ ಖಾಲಿ ಮಾಡುವುದೇ ದೊಡ್ಡ ಕೆಲಸವಾಯಿತು. ಹೋಟೆಲಿನಿಂದ ಬಂದ ಕಡಾಯಿ, ಕೊಳಗ, ಇಡ್ಲಿಯ ಅಟ್ಟಗಳು ಮೂರು ಕೋಣೆ ತುಂಬ ಇದ್ದವು. ಗಂಡ ಒಂದೊಂದನ್ನೂ ತಟ್ಟಿ ನೋಡಿ, ಮದುವೆ ಅಡುಗೆ ಮಾಡುವವರಿಗೆ ಕೆಲವನ್ನು, ದೇವಸ್ಥಾನದ ಊಟದ ಮನೆಗೆ ಕೆಲವನ್ನು ಕೊಟ್ಟರು. ಕೊಳಗಗಳು ಗಾಡಿ ಹತ್ತುವಾಗ ಒಳಗೆ ಹೋಗಿ ಪೇಪರು ಓದಿದರು. ಪೇಪರು ತಲೆಕೆಳಗಾಗೇನೂ ಇರಲಿಲ್ಲ, ಆದರೆ ಪುಟ ತಿರುಗಿಸಲಿಲ್ಲ.

ಹೊಸ ಪಾತ್ರೆ ಕೊಳ್ಳಲು ಪುರಸೈವಾಕ್ಕಂಗೆ ಹೋದೆವು. ಹೋಟೆಲಿಗೆ ಗಾಡಿಗಟ್ಟಲೆ ಪಾತ್ರೆ ಕೊಂಡಿದ್ದ ಅದೇ ಅಂಗಡಿ. ಮಾಲೀಕ ಎದ್ದು ನಿಂತು ಬರಮಾಡಿಕೊಂಡು, ಎಷ್ಟು ಜನರ ಅಡುಗೆಗೆ ಎಂದು ಕೇಳಿದರು.

"ಮೂಣು ಪೇರುಕ್ಕು," ಎಂದರು ನನ್ನ ಗಂಡ. ಮೂರು ಜನಕ್ಕೆ.

"ಮುನ್ನೂರಾ?"

"ಇಲ್ಲೆ, ಮೂಣು."

"ಎನ್ನ ಸಾರ್, ವಿಳೆಯಾಡ್ರೀಂಗಳಾ?" ಆಟ ಆಡುತ್ತಿದ್ದೀರಾ ಎಂದು ಅವರು ನಗುತ್ತಲೇ ಒಂದು ಪುಟ್ಟ ಸ್ಟೀಲ್ ಪಾತ್ರೆ ತೋರಿಸಿದರು. ಗಂಡ ಅದನ್ನು ಅಂಗೈಯಲ್ಲಿಟ್ಟು, ಮಗು ಎತ್ತಿಕೊಂಡವರ ಹಾಗೆ, ಎಷ್ಟೋ ಹೊತ್ತು ನೋಡಿದರು. ಅದರಲ್ಲಿ ಮೊದಲ ಸಲ ಅವರು ಸಾಂಬಾರು ಮಾಡಿದಾಗ ಕೈ ಹೋಟೆಲಿನ ಹಳೆಯ ಅಭ್ಯಾಸದಂತೆ ಉಪ್ಪು ಹಾಕಿತು. ಆ ರಾತ್ರಿ ನಾವು ಮೊಸರನ್ನ ಉಂಡೆವು. ಈಗ ಚಮಚದಲ್ಲಿ ಅಳೆದು ಹಾಕುತ್ತಾರೆ. ಸಾಂಬಾರು ಹೋಟೆಲಿನದಕ್ಕಿಂತ ಚೆನ್ನಾಗಿದೆ ಎಂದು ನಾನು ಹೇಳಿದರೆ ಮಾತ್ರ ಅವರಿಗೆ ಇಷ್ಟವಾಗುವುದಿಲ್ಲ.

ಮನೆ ಎದ್ದಿತು. ತಾರಸಿಗೆ ಮಡಕೆ ಬೋರಲು ಹಾಕಿದ ದಿನ ಅತ್ತೆ ಕಾರಿನಲ್ಲಿ ಕೂತೇ ನೋಡಿ, "ಮಡಿಕಿ ಎಲ್ಲ ಮೇಲಿಟ್ರೆ ಅನ್ನ ಎಂತದ್ರಂಗೆ ಮಾಡುದ್?" ಎಂದು ಕೇಳಿದ್ದು ಬೀದಿಯಲ್ಲೆಲ್ಲ ನಗೆಯಾಯಿತು.

ಗೃಹಪ್ರವೇಶದ ದಿನ ನಿಜವಾದ ಪರೀಕ್ಷೆ. ಮನೆಗೆ ಗ್ಯಾಸ್ ತಂದಿರಲಿಲ್ಲ. ಹಗಲು ಸೋಲಾರ್ ಇರುವಾಗ ಇಂಡಕ್ಷನ್ ಒಲೆಯೇ ಸಾಕು ಎಂದು ಹುಡುಗಿಯ ವಾದ. ಪುರೋಹಿತರು ಹಾಲು ಉಕ್ಕಿಸಿ ಎಂದರು. ಅತ್ತೆ ತಮ್ಮ ಮದುವೆಯ ಹಿತ್ತಾಳೆ ಪಾತ್ರೆ ತಂದಿದ್ದರು. ಅದರಲ್ಲಿ ಹಾಲು ಸುರಿದು ಒಲೆಯ ಮೇಲಿಟ್ಟೆವು. ಒಲೆ ಎರಡು ಸಲ ಕೀಂ ಎಂದು ಸುಮ್ಮನಾಯಿತು. ಮತ್ತೆ ಒತ್ತಿದೆವು, ಮತ್ತೆ ಕೀಂ. ಪುರೋಹಿತರು ಗಡಿಯಾರ ನೋಡಿದರು. ಆ ಒಲೆಗೆ ಹಿತ್ತಾಳೆ ಪಾತ್ರೆಯೆಂದರೆ ಪಾತ್ರೆಯೇ ಅಲ್ಲ ಎಂದು ಆಗ ಗೊತ್ತಾಯಿತು.

"ಸ್ಟೀಲಂಗೆ ಉಕ್ಕಿಸ್ವ," ಎಂದರು ಗಂಡ.

"ಆತಿಲ್ಲೆ," ಎಂದರು ಅತ್ತೆ. "ನಂಗೆ ಬೆಂಕಿ ಕಾಣ್ಕ್."

ಹುಡುಗಿಯ ಮುಖ ಕೆಂಪಾಗಿತ್ತು. ಸೀರೆಯ ಸೆರಗು ಸಿಕ್ಕಿಸಿಕೊಂಡು ಓಡಿದವಳು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಅದೇ ಎಮ್ಮೆಯ ಮನೆ; ನಾವು ಸೈಟು ಕೇಳಿದ ಮೇಲೆ ಅವರಿಗೆ ನಮ್ಮ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ. ಆದರೂ ಆ ಮನೆಯೊಡತಿ ಮರುಮಾತಾಡದೆ ತಮ್ಮ ಚಿಕ್ಕ ಗ್ಯಾಸ್ ಒಲೆಯನ್ನು ಸಿಲಿಂಡರ್ ಸಮೇತ ಸೊಂಟದ ಮೇಲೆ ಎತ್ತಿಕೊಂಡು ಬಂದರು. ಕೈಯಲ್ಲಿ ಒಂದು ಚೊಂಬು ಎಮ್ಮೆಯ ಹಾಲೂ ಇತ್ತು. ಗಟ್ಟಿ ಹಾಲು ಚೆನ್ನಾಗಿ ಉಕ್ಕುತ್ತದೆ ಎಂದರು. ಹಾಲು ಉಕ್ಕಿ, ಹಿತ್ತಾಳೆಯ ಮೈಮೇಲಿಂದ ಹರಿದು, ಹೊಸ ಅಡುಗೆಕಟ್ಟೆಯ ಮೇಲೆಲ್ಲ ಹರಡಿತು. ಅತ್ತೆ ಆ ಹೆಂಗಸಿನ ಕೈ ಹಿಡಿದುಕೊಂಡು ತಮಿಳಿನಲ್ಲಿ ಮಾತಾಡಿಸುತ್ತ ಎದುರು ಕೂರಿಸಿ, ಮೊದಲ ಲೋಟ ಪಾಯಸ ಅವರಿಗೇ ಕೊಡಿಸಿದರು. ಎಮ್ಮೆಗೆ ಬೇರೆ ಜಾಗ ಸಿಕ್ಕಿತಾ ಎಂದು ವಿಚಾರಿಸುವುದನ್ನೂ ಮರೆಯಲಿಲ್ಲ.

ಮೊದಲ ಬೇಸಿಗೆ ಬಂತು. ಅತ್ತೆ ಹಠಕ್ಕೆಂದೇ ಎಸಿ ಹಾಕಿಕೊಂಡು ಶಾಲು ಹೊದ್ದು ಮಲಗುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಬೆಳಗಿನ ಹೊತ್ತು ಅದನ್ನು ಆರಿಸಿ, ಹಾಲ್‌ನ ಕಟ್ಟೆಯ ಮೇಲೆ ಬಂದು ಕೂರತೊಡಗಿದರು. ಗಾಳಿ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಬೀದಿ ಕಾಣುತ್ತದೆ ಎಂದರು. ಆದರೆ ಇಲ್ಲಿಯವರು ಕತ್ತರಿ ಎನ್ನುವ ಮೇ ತಿಂಗಳ ಸುಡುಬಿಸಿಲಿನ ಮಧ್ಯಾಹ್ನಗಳಲ್ಲಿ ಸಮುದ್ರದ ಗಾಳಿ ನಮ್ಮ ಕಡೆಗೆ ಬರುವುದು ತಡವಾಗುತ್ತದೆ. ಆಗ ಟೊಳ್ಳು ಗೋಡೆ, ಬಿಳಿ ತಾರಸಿ ಏನಿದ್ದರೂ ಬೆವರು ಬೆವರೇ. ಅಂಥ ಹೊತ್ತಿನಲ್ಲಿ ನಾವು ಮೂವರೂ ಅತ್ತೆಯ ಕೋಣೆ ಸೇರಿ ಬಾಗಿಲು ಎಳೆದುಕೊಳ್ಳುತ್ತಿದ್ದೆವು. ಆ ಪುಟ್ಟ ಕೋಣೆ ಎಸಿ ಹಾಕಿದ ತಕ್ಷಣ ತಣ್ಣಗಾಗುತ್ತಿತ್ತು. ಆರಿಸಿದ ಮೇಲೂ ತಂಪು ಬಹಳ ಹೊತ್ತು ನಿಲ್ಲುತ್ತಿತ್ತು. ಅತ್ತೆ ಮಂಚದ ಮೇಲೆ, ನಾವಿಬ್ಬರು ನೆಲದ ಮೇಲೆ. ಗೆದ್ದವರು ಅಜ್ಜಿಯೋ ಮೊಮ್ಮಗಳೋ ಎಂದು ನಾನು ತೀರ್ಪು ಕೊಡಲು ಹೋಗುವುದಿಲ್ಲ.

ಅಂಥದೇ ಒಂದು ಮಧ್ಯಾಹ್ನ ಇಡೀ ಬೀದಿಗೆ ಕರೆಂಟು ಹೋಯಿತು. ನಮ್ಮ ಮನೆಯ ಮೇಲೆ ಸೋಲಾರ್ ಇದೆಯಲ್ಲ, ಇಲ್ಲಿ ಫ್ಯಾನು ತಿರುಗುತ್ತಿರುತ್ತದೆ ಎಂದು ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದರು. ನಾವೂ ಹಾಗೇ ತಿಳಿದಿದ್ದೆವು. ಫ್ಯಾನು ನಿಂತಿತ್ತು. ಸುಡುವ ಬಿಸಿಲು, ತಾರಸಿಯ ತುಂಬ ಪ್ಯಾನೆಲ್ಲು, ಕೆಳಗೆ ಕತ್ತಲೆ. ಹುಡುಗಿಗೆ ಫೋನ್ ಮಾಡಿದೆ. ಬೀದಿಯ ಲೈನಿನಲ್ಲಿ ಕರೆಂಟು ಇಲ್ಲದಾಗ ನಮ್ಮದೂ ತಾನಾಗಿ ನಿಲ್ಲುತ್ತದೆ, ಲೈನು ದುರಸ್ತಿ ಮಾಡುವವರಿಗೆ ಶಾಕ್ ಹೊಡೆಯಬಾರದಲ್ಲ, ಬ್ಯಾಟರಿ ಬೇಡ ಅಂದದ್ದು ಮಾಮಾನೇ ಎಂದಳು. ನನ್ನ ಗಂಡ ಕಿಟಕಿಯಿಂದ ಹೊರಗೆ ನೋಡಿದರು.

ಆದರೂ ಬಂದವರು ಯಾರೂ ಎದ್ದು ಹೋಗಲಿಲ್ಲ. ಕಿಟಕಿಗಳನ್ನೆಲ್ಲ ತೆಗೆದೆವು. ಮೇಲಿನ ಗವಾಕ್ಷಿಗಳಿಂದ ಬಿಸಿ ಹೊರಟುಹೋಗುವುದು ಮುಖಕ್ಕೆ ಗೊತ್ತಾಗುತ್ತಿತ್ತು. ನಮ್ಮ ಮನೆ ತಮ್ಮ ಮನೆಗಳಿಗಿಂತ ಎಷ್ಟೋ ವಾಸಿ ಎಂದು ಎಮ್ಮೆಯ ಮನೆಯಾಕೆ ಗೋಡೆಗೆ ಬೆನ್ನು ಕೊಟ್ಟು ಹೇಳಿದರು. ನಾನು ಮಜ್ಜಿಗೆ ಹಂಚಿದೆ. ಸಂಜೆ ಗಾಳಿ ತಿರುಗುವ ಹೊತ್ತಿಗೆ, ಇಷ್ಟು ದಿನ ದೂರದಿಂದ ತಲೆಯಾಡಿಸುತ್ತಿದ್ದ ಆ ಬೀದಿಯವರೆಲ್ಲರ ಮಕ್ಕಳು ಮೊಮ್ಮಕ್ಕಳ ವಿಷಯ ಅತ್ತೆಗೆ ಗೊತ್ತಾಗಿಹೋಗಿತ್ತು.

ಬೆಳಗಿನ ಕಾಫಿಯಾದ ಮೇಲೆ ನಾನು ಕಿಟಕಿಯ ಪಕ್ಕ ಕೂತು ಓದುತ್ತೇನೆ, ಬರೆಯುತ್ತೇನೆ. ಒಮ್ಮೆ ಗಂಡ ಮೇಜಿನ ಮೇಲೆ ನುಗ್ಗೆಕಾಯಿ ಇಟ್ಟರು. ನಾನು ತಲೆ ಎತ್ತಿ ನೋಡಿದೆ. ತೆಗೆದುಕೊಂಡು ಹೋದರು.

ಈಗ ಹೆಚ್ಚುಕಡಿಮೆ ಪ್ರತಿ ಶನಿವಾರ ಹುಡುಗಿ ವೇಲಚೇರಿಯಿಂದ ಬರುತ್ತಾಳೆ. ಗೋಡೆಗೆ ಬಿರುಕು ಬಂದಿದೆಯಾ, ತಾರಸಿಯ ನೀರು ಸರಿಯಾಗಿ ಇಂಗುಗುಂಡಿಗೆ ಇಳಿಯುತ್ತಿದೆಯಾ ನೋಡಬೇಕು ಎಂಬುದು ನೆಪ. ಬಂದವಳೇ ಒಂದು ಸುತ್ತು ಹಾಕಿ, ಗೋಡೆಗೆ ಅಂಗೈ ಒತ್ತಿ, ತೃಪ್ತಿಯಿಂದ ತಲೆಯಾಡಿಸಿ, ಊಟ ಮಾಡಿ, ಹಾಲ್‌ನ ಕಟ್ಟೆಯ ಮೇಲೆ ಮಲಗಿಬಿಡುತ್ತಾಳೆ. ಅವಳ ಫ್ಲ್ಯಾಟಿನ ಪಡುವಣ ಗೋಡೆ ಪೂರ್ತಿ ಗಾಜಿನದೇ ಅಂತೆ. ಸಂಜೆ ಗಂಡ ಕಾಫಿ ತಂದು ಎಬ್ಬಿಸುತ್ತಾರೆ. ಮನೆಯಲ್ಲಿ ಇನ್ನೇನಾದರೂ ಬದಲಾಯಿಸಬೇಕಾ ಎಂದು ಅವಳನ್ನು ಗಂಭೀರವಾಗಿ ಕೇಳುತ್ತಾರೆ.

ಅವಳು ಕಣ್ಣು ಬಿಡದೆ, ಗೋಡೆಯ ಕಡೆ ಹೊರಳಿ ಹೇಳುತ್ತಾಳೆ: "ಒಣ್ಣುಂ ವೇಣ್ಡಾಂ, ಮಾಮಾ. ಇನ್ನುಂ ಅಂಜು ನಿಮಿಷಂ."

ಏನೂ ಬೇಡ, ಇನ್ನೈದು ನಿಮಿಷ. ಕಾಫಿಯ ಮೇಲೆ ತಟ್ಟೆ ಮುಚ್ಚಿಟ್ಟು ಅವರು ಜಗುಲಿಗೆ ಹೋಗುತ್ತಾರೆ.